ಹೀಬ್ರೂ ಗೆದ್ದಿತು, ಅರಬ್ಬಿಯ ಪಟ್ಟ ಹೋಯಿತು!

ಕನ್ನಡದ ತರುಣರೇ,

ಭಾಷೆ ಉಳಿಸುವ ಮಾತು ಬಂದಾಗಲೆಲ್ಲ ನಾವು ಇಸ್ರೇಲನ್ನು ನೋಡಿ ಕಲಿಯಿರಿ ಅನ್ನುತ್ತೇವೆ. ಮನೆಮಾತಿನ ಬಳಕೆಯೇ ತಪ್ಪಿದ್ದ ಹೀಬ್ರೂವನ್ನು ಮತ್ತೆ ಶಾಲೆಗೆ, ಸಂತೆಗೆ, ಕೋರ್ಟಿಗೆ ತಂದ ಛಲ ಅವರದು. ಶಹಬ್ಬಾಸ್! ಆದರೆ ಅದೇ ನೆಲದಲ್ಲಿ ಅರಬ್ಬಿ ಭಾಷೆಗೆ ಏನಾಯಿತು, ಕೇಳಿದ್ದೀರಾ?

ಇಸ್ರೇಲಿನಲ್ಲಿ ಐವರಲ್ಲಿ ಸುಮಾರು ಒಬ್ಬರು ಅರಬರು. ಎಲ್ಲಿಂದಲೋ ವಲಸೆ ಬಂದವರಲ್ಲ. 1948ರಲ್ಲಿ ಆ ದೇಶ ಹುಟ್ಟಿದಾಗ ತಮ್ಮ ನೆಲ ಬಿಡದೆ ಉಳಿದ ಪ್ಯಾಲೆಸ್ಟೀನಿಯರು, ಅವರ ಮಕ್ಕಳು, ಮೊಮ್ಮಕ್ಕಳು. ಸ್ವಾತಂತ್ರ್ಯ ಘೋಷಣೆ ಅವರಿಗೆ ಸಮಾನ ಹಕ್ಕಿನ ಮಾತು ಕೊಟ್ಟಿತು. ಓಟೂ ಸಿಕ್ಕಿತು, ನಿಜ. ಆದರೆ 1966ರವರೆಗೆ ಅವರ ಊರುಗಳಲ್ಲಿ ಸೇನಾ ಆಡಳಿತ! ಊರಾಚೆ ಹೋಗಲು ಪರವಾನಗಿ! 1976ರ ಮಾರ್ಚ್ 30ರಂದು, ಗಲಿಲೀಯ ಭೂಮಿ ಕಿತ್ತುಕೊಳ್ಳಬೇಡಿ ಎಂದು ಬೀದಿಗಿಳಿದಾಗ ಆರು ಜನರ ಪ್ರಾಣ ಹೋಯಿತು.

ಇಷ್ಟಾದರೂ ಒಂದು ಉಳಿದಿತ್ತು: ಬ್ರಿಟಿಷರ 1922ರ ಆದೇಶದಿಂದ ಬಂದ ಅಧಿಕೃತ ಭಾಷೆಯ ಪಟ್ಟ. ಕಾಗದದ ಪಟ್ಟವೇ ಅನ್ನಿ. ಆದರೂ 2002ರಲ್ಲಿ ಸುಪ್ರೀಂ ಕೋರ್ಟು, ಟೆಲ್ ಅವೀವ್-ಯಾಫಾದಂಥ ಮಿಶ್ರ ನಗರಗಳ ಬೀದಿ ಫಲಕಗಳಲ್ಲಿ ಅರಬ್ಬಿಯೂ ಇರಲೇಬೇಕು ಅಂದಾಗ, ಅದಕ್ಕೆ ಕೊಟ್ಟ ಕಾರಣಗಳಲ್ಲಿ ಈ ಪಟ್ಟವೂ ಒಂದು.

2018ರ ಜುಲೈ 19ರಂದು ಅದನ್ನೂ ಕಿತ್ತುಕೊಂಡರು! 62-55 ಮತಗಳಿಂದ ಪಾಸಾದ ಮೂಲ ಕಾನೂನು ಹೇಳಿತು: ದೇಶದ ಭಾಷೆ ಹೀಬ್ರೂ, ಅರಬ್ಬಿಗೆ 'ವಿಶೇಷ ಸ್ಥಾನಮಾನ', ರಾಷ್ಟ್ರೀಯ ಸ್ವಯಂನಿರ್ಣಯದ ಹಕ್ಕು ಯಹೂದಿಗಳಿಗೆ ಮಾತ್ರ. 'ಸಮಾನತೆ' ಎಂಬ ಪದ ಇಡೀ ಕಾನೂನಿನಲ್ಲಿ ಒಂದು ಕಡೆಯೂ ಇಲ್ಲ.

'ಅರಬ್ಬಿಗೆ ಮೊದಲಿದ್ದ ಸ್ಥಾನಕ್ಕೆ ಧಕ್ಕೆಯಿಲ್ಲ ಎಂದು ಅದರಲ್ಲೇ ಬರೆದಿದೆಯಲ್ಲ' ಅನ್ನುತ್ತಾರೆ ಸಮರ್ಥಕರು. ಧಕ್ಕೆಯೇ ಇಲ್ಲದಿದ್ದರೆ ಪಟ್ಟ ಕಿತ್ತಿದ್ದೇಕೆ ಸ್ವಾಮಿ? ಮನೆಯ ಹಕ್ಕು ಕಸಿದುಕೊಂಡು, ಜಗಲಿಯಲ್ಲಿ ಮಲಗಲು ಅಡ್ಡಿಯಿಲ್ಲ ಅಂದರೆ ಅದು ಉಪಕಾರವೇ? 2021ರಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳಲ್ಲಿ 10 ಮಂದಿ ಈ ಕಾನೂನನ್ನು ಎತ್ತಿಹಿಡಿದರು. ಒಪ್ಪದವರು ಒಬ್ಬರೇ, ಜಾರ್ಜ್ ಕರ್ರಾ. ಆ ಪೀಠದಲ್ಲಿದ್ದ ಏಕೈಕ ಅರಬ ಅವರೇ!

ಗೆಳೆಯರೇ, ನನ್ನ ಭಾಷೆ ಬಾಳಲಿ ಅನ್ನುವುದು ಅಭಿಮಾನ. ನಿನ್ನದು ಜಗಲಿಗೆ ಹೋಗಲಿ ಅನ್ನುವುದು ದರ್ಪ. ಫಲಕದ ಮೇಲಿನ ಒಂದು ಸಾಲಿಗೆ ಎಷ್ಟು ಬೆಲೆಯೆಂದು ಬಲ್ಲ ನಮಗೆ ಈ ವ್ಯತ್ಯಾಸ ಯಾರೂ ಹೇಳಿಕೊಡಬೇಕಿಲ್ಲ. ಹೀಬ್ರೂವಿನ ಛಲ ಕಲಿಯಿರಿ. 2018ರ ಪಾಠ ಮಾತ್ರ ಬೇಡ!