ಬಯಾಲಜಿ ಜೋರಾಗೇ ಓದ್ಲಿ ಬಿಡ್ರಿ

ಅಕ್ಕಾರ, ವೈನಿಗೋಳ, ಸೆಕೆಂಡ್ ಪಿಯುಸಿ ಪರೀಕ್ಷಾ ಹತ್ರ ಬಂದಾವ. ಹುಡುಗಿ ಫಿಸಿಕ್ಸ್ ಸೂತ್ರಾ ಜೋರಾಗಿ ಬಾಯಿಪಾಠ ಮಾಡಿದ್ರ ನಮಗ ಹೆಮ್ಮಿ. ಬಯಾಲಜಿಯೊಳಗ ಮಾನವ ಸಂತಾನೋತ್ಪತ್ತಿ ಪಾಠ ಬಂದ್ರ ಮಾತ್ರ "ಮೆಲ್ಲಗ ಓದವಾ, ಹೊರಗ ಅಜ್ಜಾರು ಕೂತಾರ" ಅಂತೀವಿ. ನನಗಂತೂ ಇದು ಸರಿ ಅನಸೂದಿಲ್ಲ. 70 ಮಾರ್ಕ್ಸಿನ ಪೇಪರಿನ್ಯಾಗ ಆ ಪಾಠದ್ದೂ ಪಾಲು ಅದ. ಚಿತ್ರಾ ತಗದು ಭಾಗಗಳ ಹೆಸರು ಬರೀಬೇಕಾಗ್ತದ. ಕದಾ ಹಾಕ್ಕೊಂಡು ನಾಚ್ಕೋತ ಓದಿದ್ದು ಹ್ಯಾಂಗ ನೆನಪಿಗೆ ಬರಬೇಕು?

ಇನ್ನ ಅನುವಂಶೀಯತೆ ಪಾಠ ಅದಲ್ಲಾ, ಅದನ್ನ ಪಡಸಾಲ್ಯಾಗ ಕುಂಡ್ರಿಸಿ ಓದಸ್ರಿ. ತಾಯಿ ಅಂಡಾಣುದಾಗ 23 ಕ್ರೋಮೋಸೋಮ್, ಅದರಾಗ ಲಿಂಗದ್ದು ಯಾವಾಗ್ಲೂ ಎಕ್ಸ್. ತಂದಿ ಕಡೆಯಿಂದ ಎಕ್ಸ್ ಬಂದ್ರ ಹೆಣ್ಣು, ವೈ ಬಂದ್ರ ಗಂಡು. ಮೂರನೇದೂ ಹೆಣ್ಣಾತು ಅಂತ ಬಾಣಂತಿ ಕೋಣಿ ಬಾಗಲದಾಗ ನಿಂತು ಸೊಸೀನ್ನ ಬೈಯಾವ್ರು ನಮ್ಮ ಓಣ್ಯಾಗ ಇನ್ನೂ ಅದಾರ. (ಹೆಸರು ಬ್ಯಾಡ ಬಿಡ್ರಿ, ನಿಮಗ ಗೊತ್ತದ.) ಅವರೂ ಕೇಳ್ಲಿ, ಅಜ್ಜಾರೂ ಕೇಳ್ಲಿ. ಹುಡುಗಿಗೂ ಒಂದ್ಸಲ ರಿವಿಜನ್ ಆಗ್ತದ.