ನಳಿಕೆ ಕತ್ತರಿಸಿದರೆ ಬೆಲೆ ಕಟ್ಟುವವರು ಯಾರು?

ಹಾಸ್ಟೆಲ್‌ನಲ್ಲಿ ಊಟ ಮುಗಿಸಿ ಮೊಬೈಲ್ ಗೇಮ್ ಆಡುವುದು ನಮ್ಮ ರೂಮಿನ ನಿತ್ಯದ ಕಾರ್ಯಕ್ರಮ. ಮೊನ್ನೆ ಗೇಮ್‌ನಲ್ಲಿ ಸ್ನೈಪರ್ ರೈಫಲ್ ಹಿಡಿದಿದ್ದ ಗೆಳೆಯ, ‘ಇಷ್ಟುದ್ದ ನಳಿಕೆ ಯಾಕೋ? ಅರ್ಧ ಕಟ್ ಮಾಡಿದ್ರೆ ಹೊತ್ಕೊಂಡು ಓಡೋಕೆ ಎಷ್ಟು ಸುಲಭ’ ಎಂದ. ಎಲ್ಲರೂ ನಕ್ಕರು. ಮೆಕ್ಯಾನಿಕಲ್ ಐದನೇ ಸೆಮಿಸ್ಟರ್‌ನಲ್ಲಿರುವ ನನಗೆ ಮಾತ್ರ ಆ ಪ್ರಶ್ನೆ ತಮಾಷೆ ಎನಿಸಲಿಲ್ಲ. ಅಮೆರಿಕದ ಬ್ಯಾರೆಟ್ ಕಂಪನಿಯ ಎಂ107ಎ1 ರೈಫಲ್ 29 ಇಂಚಿನ ನಳಿಕೆಯಲ್ಲೂ ಸಿಗುತ್ತದೆ, 20 ಇಂಚಿನದರಲ್ಲೂ ಸಿಗುತ್ತದೆ. ಅಂದರೆ ಇದು ಎಂಜಿನಿಯರುಗಳು ನಿಜವಾಗಿಯೂ ತಲೆಕೆಡಿಸಿಕೊಂಡ ಪ್ರಶ್ನೆ.

ನಳಿಕೆಯೊಳಗೆ ನಡೆಯುವುದು ನಾವು ಥರ್ಮೋಡೈನಮಿಕ್ಸ್‌ನಲ್ಲಿ ಓದಿದ್ದೇ. ಮದ್ದು ಉರಿದು ಅನಿಲವಾಗುತ್ತದೆ, ಅನಿಲ ಹಿಗ್ಗುತ್ತಾ ಗುಂಡನ್ನು ತಳ್ಳುತ್ತದೆ. ಗುಂಡು ನಳಿಕೆಯಲ್ಲಿ ಇರುವಷ್ಟು ಹೊತ್ತು ಮಾತ್ರ ಆ ತಳ್ಳುವಿಕೆ. ಮದ್ದು ಕಡಿಮೆ ಇರುವ ಸಣ್ಣ ತೋಟಾ ಗಿಡ್ಡ ನಳಿಕೆಯಲ್ಲೂ ಹೇಗೋ ಕೆಲಸ ಮುಗಿಸುತ್ತದೆ. .338 ಲಪುವಾ ಮ್ಯಾಗ್ನಂನಂಥ ದೊಡ್ಡ ತೋಟಾದಲ್ಲಿ ಮದ್ದು ಸಾಮಾನ್ಯ .308ರ ಸುಮಾರು ಎರಡು ಪಟ್ಟು. ಅದರ ಶಕ್ತಿಯನ್ನೆಲ್ಲ ಬಳಸಿಕೊಳ್ಳಲು ಉದ್ದ ಬೇಕೇ ಬೇಕು.

ಒಂದು ಅಂದಾಜು ಲೆಕ್ಕ ನೋಡಿ. 27 ಇಂಚಿನ ನಳಿಕೆಯಿಂದ ಗುಂಡು ಸೆಕೆಂಡಿಗೆ 2,700 ಅಡಿ ವೇಗದಲ್ಲಿ ಹೊರಡುತ್ತದೆ ಎಂದುಕೊಳ್ಳೋಣ. ಇಂಥ ತೋಟಾಗಳಲ್ಲಿ ಇಂಚಿಗೆ 20ರಿಂದ 30 ಅಡಿ ವೇಗ ಕಡಿಮೆಯಾಗುತ್ತದೆ. ಏಳು ಇಂಚು ಕತ್ತರಿಸಿದರೆ ಸುಮಾರು 175 ಅಡಿ ಹೋಯಿತು. ವೇಗದಲ್ಲಿ ಶೇ 6ಕ್ಕಿಂತ ಸ್ವಲ್ಪ ಹೆಚ್ಚು ನಷ್ಟ, ಚಲನಶಕ್ತಿಯಲ್ಲಿ ಶೇ 12ಕ್ಕೂ ಹೆಚ್ಚು. ಗುಂಡು ಎಷ್ಟು ಕೆಳಗಿಳಿಯುತ್ತದೆ ಎಂಬುದನ್ನು ದೂರದರ್ಶಕದಲ್ಲಿ ಸರಿಪಡಿಸಿಕೊಳ್ಳಬಹುದು. ಆದರೆ ಗುಂಡು ಗಾಳಿಯಲ್ಲಿ ಹೆಚ್ಚು ಹೊತ್ತು ಇರುವುದರಿಂದ ಅಡ್ಡಗಾಳಿ ಹೆಚ್ಚು ಎಳೆಯುತ್ತದೆ. ಶಬ್ದದ ವೇಗಕ್ಕೂ ಬೇಗ ಇಳಿದು ಗುಂಡಿನ ಸ್ಥಿರತೆ ಕೆಡುತ್ತದೆ.

ಹಾಗಂತ ಗಿಡ್ಡ ನಳಿಕೆ ಗುರಿ ತಪ್ಪುತ್ತದೆ ಎನ್ನುವುದು ಸುಳ್ಳು. ನಳಿಕೆ ಒಂದು ಕ್ಯಾಂಟಿಲಿವರ್. ತುದಿಯ ಬಾಗುವಿಕೆ ಉದ್ದದ ಘನಕ್ಕೆ ಅನುಗುಣ. ಅದೇ ದಪ್ಪದ ನಳಿಕೆಯನ್ನು 27ರಿಂದ 20ಕ್ಕೆ ಇಳಿಸಿದರೆ ಬಿಗಿತ ಸುಮಾರು ಎರಡೂವರೆ ಪಟ್ಟು ಹೆಚ್ಚುತ್ತದೆ. ಬೆಟ್ಟ ಹತ್ತುವವನಿಗೆ, ಹೆಲಿಕಾಪ್ಟರ್‌ನಿಂದ ಇಳಿಯುವವನಿಗೆ ಏಳು ಇಂಚು ಮತ್ತು ಅದರ ತೂಕ ಸಣ್ಣದಲ್ಲ.

ಆದರೆ ಪಟ್ಟಿಯಲ್ಲಿ ನಾವು ಬರೆಯದೆ ಬಿಡುವ ಒಂದು ಸಾಲಿದೆ. ನನ್ನ ಸೋದರಮಾವ ಸೇನೆಯಿಂದ ನಿವೃತ್ತರಾದವರು. ಅವರ ಎಡಗಿವಿ ಅರ್ಧ ಕೇಳಿಸುವುದಿಲ್ಲ, ರಾತ್ರಿ ಒಳಗೆ ಕುಂಯ್ ಎನ್ನುತ್ತದಂತೆ. ಅವರು ಹಾರಿಸಿದ್ದು ಸಾಮಾನ್ಯ ರೈಫಲ್. ‘ಗುಂಡು ಎಲ್ಲಿಗೆ ಬಿತ್ತು ಅಂತ ಎಲ್ಲರೂ ಕೇಳೋರು ಕಣೋ, ಸದ್ದು ಎಲ್ಲಿಗೆ ಬಿತ್ತು ಅಂತ ಯಾರೂ ಕೇಳ್ತಿರಲಿಲ್ಲ’ ಎನ್ನುತ್ತಾರೆ. 140 ಡೆಸಿಬಲ್ ದಾಟಿದ ಹಠಾತ್ ಸದ್ದು ಕಿವಿಗೆ ಅಪಾಯ. ದೊಡ್ಡ ರೈಫಲ್‌ಗಳ ಸದ್ದು ಅದನ್ನು ಎಷ್ಟೋ ಮೀರಿರುತ್ತದೆ. ನಳಿಕೆ ಗಿಡ್ಡವಾದಷ್ಟೂ ಅನಿಲ ಹೆಚ್ಚಿನ ಒತ್ತಡದಲ್ಲೇ ಹೊರನುಗ್ಗುತ್ತದೆ, ಅದೂ ಮುಖಕ್ಕೆ ಇನ್ನಷ್ಟು ಹತ್ತಿರ. ಒದೆತ ತಗ್ಗಿಸಲು ಬಾಯಿಗೆ ಬ್ರೇಕ್ ಹಾಕಿದರೆ ಅದು ಅನಿಲವನ್ನು ಪಕ್ಕಕ್ಕೂ ಹಿಂದಕ್ಕೂ ತಿರುಗಿಸಿ ಪಕ್ಕದಲ್ಲಿ ಮಲಗಿದವನ ಕಿವಿಯನ್ನೂ ಬಿಡುವುದಿಲ್ಲ. ಬಳಸದೆ ಉಳಿದ ಶಕ್ತಿ ಎಲ್ಲೂ ಮಾಯವಾಗುವುದಿಲ್ಲ, ಹಾರಿಸುವವನ ಮೈಮೇಲೇ ಬರುತ್ತದೆ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟೇ: ದೂರಕ್ಕೆಂದೇ ಮಾಡಿದ ರೈಫಲ್‌ನಲ್ಲಿ ಮೊದಲು ಕತ್ತರಿ ಹಾಕಬೇಕಾದ್ದು ನಳಿಕೆಗಲ್ಲ. ಹಿಂಬದಿಯ ಬಟ್ ಮಡಚುವಂತೆ ಮಾಡಬಹುದು. ಬ್ಯಾರೆಟ್‌ನ ಎಂ95ರಲ್ಲಿ ಯಂತ್ರಭಾಗವನ್ನು ಟ್ರಿಗರ್‌ನ ಹಿಂದಕ್ಕೆ ಸರಿಸಿದ್ದಾರೆ. ನಳಿಕೆ 29 ಇಂಚೇ ಇದ್ದರೂ ಒಟ್ಟು ಉದ್ದ 45 ಇಂಚು. ಅಷ್ಟೇ ನಳಿಕೆಯ ಎಂ82ಎ1ರದ್ದು 57. ಅದಕ್ಕೂ ಬೆಲೆಯಿದೆ, ಟ್ರಿಗರ್‌ಗೆ ಉದ್ದದ ಕೊಂಡಿ ಬೇಕಾಗಿ ಒತ್ತಿದಾಗಿನ ನಯ ಕಡಿಮೆಯಾಗುತ್ತದೆ. ಆದರೆ ಆ ಬೆಲೆಯನ್ನು ಯಾರ ಕಿವಿಯೂ ತೆರುವುದಿಲ್ಲ. ಕತ್ತರಿಸಲೇಬೇಕೆಂದರೆ ಸದ್ದಡಗಿಸುವ ಸಪ್ರೆಸರ್ ಜೊತೆಗೇ ವಿನ್ಯಾಸ ಮಾಡಲಿ. ಗಿಡ್ಡ ನಳಿಕೆಗೆ ನಿಜವಾದ ಅರ್ಥ ಬರುವುದು ಅಲ್ಲೇ.

ಈಗ ಬೆಂಗಳೂರಿನಲ್ಲೇ ಎಸ್‌ಎಸ್‌ಎಸ್ ಡಿಫೆನ್ಸ್ ಸಂಸ್ಥೆ .338ರ ‘ಸೇಬರ್’ ರೈಫಲ್ ತಯಾರಿಸುತ್ತಿದೆ. ನಾಳೆ ಇಂಥ ಕಡೆ ಡಿಸೈನ್ ಮಾಡಲು ಕೂರುವವರು ನಮ್ಮ ಬ್ಯಾಚಿನವರೇ ಇರಬಹುದು. ತೂಕ, ಉದ್ದ, ವೇಗದ ಜೊತೆ ಕಿವಿಗೂ ಒಂದು ಕಾಲಂ ಇಡೋಣ.

ಮುಂದಿನ ವಾರ ಊರಿಗೆ ಹೋದಾಗ ಮಾವನನ್ನು ಕಿವಿ ಡಾಕ್ಟರ್ ಹತ್ತಿರ ಕರೆದೊಯ್ಯಬೇಕು. ಬರುವುದಿಲ್ಲ ಎಂದು ಹಟ ಮಾಡುತ್ತಾರೆ, ಗೊತ್ತು. ಅವರ ಬಲಗಿವಿಯ ಕಡೆ ಕೂತು ಇನ್ನೊಮ್ಮೆ ಹೇಳುತ್ತೇನೆ.