ಆರಿಸಿಕೊಂಡ ತಂಡ, ಇದ್ದವರ ತಂಡ

ಶಾಲಾ ಕ್ರೀಡಾಕೂಟದ ನ್ಯಾಯ ಅನ್ಯಾಯದ ಚರ್ಚೆ ನಮ್ಮಲ್ಲಿ ಬಹುಮಟ್ಟಿಗೆ ಒಂದೇ ಧಾಟಿಯಲ್ಲಿ ನಡೆಯುತ್ತದೆ. ಖಾಸಗಿ ಶಾಲೆಗೆ ಹಣವಿದೆ, ಸರ್ಕಾರಿ ಶಾಲೆಗೆ ಪಿ.ಟಿ. ಮೇಷ್ಟ್ರೂ ಇಲ್ಲ, ಆದ್ದರಿಂದ ಎರಡಕ್ಕೂ ಬೇರೆ ಬೇರೆ ಕೂಟ ಇರಲಿ ಎಂಬುದು ವಾದ. ಕತಾರಿನಲ್ಲಿ ಈ ವಾದ ನಿಲ್ಲುವುದಿಲ್ಲ. ಅಲ್ಲಿನ ಸರ್ಕಾರಿ ಶಾಲೆಗಳು ಮುಖ್ಯವಾಗಿ ಕತಾರಿ ಪ್ರಜೆಗಳ ಮಕ್ಕಳಿಗಾಗಿ ಇರುವ ಅರಬ್ಬಿ ಮಾಧ್ಯಮದ ಶಾಲೆಗಳು, ಅವುಗಳ ಬೆನ್ನಿಗೆ ಶ್ರೀಮಂತ ಸರ್ಕಾರವಿದೆ. ಕನ್ನಡಿಗರೂ ಸೇರಿದಂತೆ ಭಾರತೀಯರ ಮಕ್ಕಳು ಓದುವುದು ಖಾಸಗಿ ಶಾಲೆಗಳಲ್ಲಿ. ಆ ಖಾಸಗಿ ಶಾಲೆಗಳ ಪಟ್ಟಿಯಲ್ಲೇ ಈಜುಕೊಳ, ಹಸಿರು ಮೈದಾನಗಳಿರುವ ಬ್ರಿಟಿಷ್, ಅಮೆರಿಕನ್ ಪಠ್ಯಕ್ರಮದ ದುಬಾರಿ ಶಾಲೆಗಳೂ ಇವೆ, ಸೀಟು ಸಾಲದೆ ಮಧ್ಯಾಹ್ನದ ಪಾಳಿಯನ್ನೂ ನಡೆಸಬೇಕಾದ ಭಾರತೀಯ ಶಾಲೆಗಳೂ ಇವೆ. ಇವೆರಡನ್ನೂ ಖಾಸಗಿ ಎಂದು ಒಂದೇ ವಿಭಾಗಕ್ಕೆ ಹಾಕಿದರೆ ಯಾರಿಗೆ ನ್ಯಾಯ ಸಿಕ್ಕಿತು?

ಕತಾರ್ ಒಲಿಂಪಿಕ್ ಸಮಿತಿ 2007ರಲ್ಲಿ ಆರಂಭಿಸಿದ ಶಾಲಾ ಒಲಿಂಪಿಕ್ ಕಾರ್ಯಕ್ರಮ ಸರ್ಕಾರಿ, ಖಾಸಗಿ ಎರಡೂ ಬಗೆಯ ಶಾಲೆಗಳ ಮಕ್ಕಳನ್ನು ಮೈದಾನಕ್ಕೆ ಕರೆತಂದಿತು. ಇದು ನಿಜಕ್ಕೂ ದೊಡ್ಡ ಕೆಲಸ. ಆದರೆ ಮೈದಾನಕ್ಕೆ ಬರುವ ಮುಂಚಿನ ತಿಂಗಳುಗಳು ಎಲ್ಲ ಮಕ್ಕಳಿಗೂ ಒಂದೇ ತೆರನಾಗಿರುವುದಿಲ್ಲ. ಎರಡು ಪಾಳಿಯ ಶಾಲೆಯಲ್ಲಿ ಬೆಳಗಿನ ಮಕ್ಕಳ ಬಸ್ಸು ಹೊರಡುವ ಹೊತ್ತಿಗೆ ಮಧ್ಯಾಹ್ನದ ಮಕ್ಕಳ ಬಸ್ಸು ಗೇಟಿನಲ್ಲಿರುತ್ತದೆ. ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಉಳಿದು ರಿಲೇ ಅಭ್ಯಾಸ ಮಾಡೋಣವೆಂದರೆ ಮೈದಾನ ಆಗ ಇನ್ನೊಂದು ಪಾಳಿಯದು. ಬಸ್ಸು ತಪ್ಪಿದರೆ ಅಪ್ಪನೋ ಅಮ್ಮನೋ ಆಫೀಸಿನಿಂದ ಬರುವವರೆಗೂ ಕಾಯಬೇಕು. ಬಿಸಿಲಿನ ಕಥೆ ಬೇರೆ. ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಯಾರನ್ನೂ ಬಯಲಲ್ಲಿ ದುಡಿಸಬಾರದೆಂಬ ನಿಯಮವಿರುವ ದೇಶ ಅದು. ಏಪ್ರಿಲ್‌ನಲ್ಲಿ ತರಗತಿ ಆರಂಭಿಸುವ ಭಾರತೀಯ ಶಾಲೆಗೆ ಎ.ಸಿ. ಇರುವ ಒಳಾಂಗಣವಿಲ್ಲದಿದ್ದರೆ ವರ್ಷದ ಮೊದಲ ಭಾಗದ ಆಟವೆಲ್ಲ ಬಿಸಿಲಿಗೇ ಹೋಗುತ್ತದೆ.

ಹಾಗಾದರೆ ಗೆರೆ ಎಳೆಯಬೇಕಾದದ್ದು ಎಲ್ಲಿ? ಉತ್ತರದ ಸುಳಿವು ದೋಹಾದಲ್ಲೇ ಇದೆ. 2004ರಲ್ಲಿ ಸ್ಥಾಪನೆಯಾದ ಆಸ್ಪೈರ್ ಅಕಾಡೆಮಿ ಪ್ರತಿಭೆಯನ್ನು ಹುಡುಕಿ ಆರಿಸಿ, ಓದು ಮತ್ತು ತರಬೇತಿಯನ್ನು ಒಂದೇ ಆವರಣದಲ್ಲಿ ಕೊಡುವ ಶಾಲೆ. ಟೋಕಿಯೊ ಒಲಿಂಪಿಕ್ಸ್‌ನ ಎತ್ತರ ಜಿಗಿತದಲ್ಲಿ ಚಿನ್ನ ಹಂಚಿಕೊಂಡ ಮುತಾಜ್ ಬರ್ಶಿಮ್ ಅಲ್ಲಿಯೇ ಬೆಳೆದವರು. 2019ರ ಏಷ್ಯಾ ಕಪ್ ಗೆದ್ದ ಕತಾರ್ ಫುಟ್‌ಬಾಲ್ ತಂಡದಲ್ಲೂ ಅಲ್ಲಿ ಪಳಗಿದವರು ಬಹಳ ಮಂದಿ. ಈ ಅಕಾಡೆಮಿಯ ಹುಡುಗರು 2012ರಲ್ಲಿ ಶುರುವಾದ ಅಲ್ ಕಾಸ್ ಅಂತರರಾಷ್ಟ್ರೀಯ ಕಪ್‌ನಲ್ಲಿ ಯುರೋಪಿನ ಹೆಸರಾಂತ ಕ್ಲಬ್ಬುಗಳ ಕಿರಿಯರ ತಂಡಗಳೊಂದಿಗೆ ಆಡುತ್ತಾರೆ. ಆರಿಸಿ ಕಟ್ಟಿದ ತಂಡಕ್ಕೆ ಎದುರಾಳಿ ಇನ್ನೊಂದು ಆರಿಸಿ ಕಟ್ಟಿದ ತಂಡ. ಇದನ್ನು ಅನ್ಯಾಯವೆಂದು ಯಾರೂ ಹೇಳುವುದಿಲ್ಲ. ಬಡಾವಣೆಯ ಮಕ್ಕಳೆಲ್ಲ ಬಂದು ಸೇರುವ ಶಾಲೆಯನ್ನು ಅವರ ಮುಂದೆ ನಿಲ್ಲಿಸಿ, ಸೋತಾಗ ನಿಮ್ಮ ಶ್ರಮ ಸಾಲದೆಂದು ಹೇಳುವುದೇ ಅನ್ಯಾಯ.

ಕರ್ನಾಟಕಕ್ಕೆ ಬಂದರೆ ಇದು ಇನ್ನೂ ಸ್ಪಷ್ಟ. ಮೂಡುಬಿದಿರೆಯ ಆಳ್ವಾಸ್ ಕ್ರೀಡಾ ಪ್ರತಿಭೆಗಳನ್ನು ದತ್ತು ತೆಗೆದುಕೊಂಡು ಊಟ, ವಸತಿ, ತರಬೇತಿ ಕೊಡುವ ಖಾಸಗಿ ಸಂಸ್ಥೆ. ಕೊಡಗಿನ ಕೂಡಿಗೆಯ ಕ್ರೀಡಾ ಶಾಲೆ ಸರ್ಕಾರದ್ದು. ಅಲ್ಲಿಯೂ ಮಕ್ಕಳು ಆಯ್ಕೆಯಾಗಿಯೇ ಬರುತ್ತಾರೆ. ಮಾಲೀಕರು ಬೇರೆ, ತಂಡ ಕಟ್ಟುವ ಬಗೆ ಒಂದೇ. ಇತ್ತ ಯಾದಗಿರಿಯ ಹಳ್ಳಿಯ ಸರ್ಕಾರಿ ಪ್ರೌಢಶಾಲೆಗೂ ತಾಲ್ಲೂಕು ಕೇಂದ್ರದ ಬಾಡಿಗೆ ಕಟ್ಟಡದಲ್ಲಿರುವ ಅನುದಾನರಹಿತ ಶಾಲೆಗೂ ಕಬಡ್ಡಿ ತಂಡವೆಂದರೆ ಇದ್ದ ಮಕ್ಕಳಲ್ಲಿ ಏಳೆಂಟು ಗಟ್ಟಿಗರು, ಅಷ್ಟೇ. ನಮ್ಮ ವ್ಯವಸ್ಥೆ ಈ ಭೇದವನ್ನು ಕಾಣುವುದಿಲ್ಲ. ರಾಷ್ಟ್ರೀಯ ಶಾಲಾ ಕ್ರೀಡೆಗಳಲ್ಲಿ ಸಿಬಿಎಸ್‌ಇ, ಕೇಂದ್ರೀಯ ವಿದ್ಯಾಲಯಗಳು ರಾಜ್ಯಗಳ ಸಾಲಿನಲ್ಲೇ ಪ್ರತ್ಯೇಕ ತಂಡ ಕಳುಹಿಸುತ್ತವೆ. ಅಲ್ಲಿ ನೋಡುವುದು ಮಂಡಳಿ ಯಾವುದೆಂದು. ತಂಡ ಕೂಡಿಬಂದದ್ದು ಹೇಗೆಂದು ಯಾರೂ ಕೇಳುವುದಿಲ್ಲ.

ಅಮೆರಿಕದಲ್ಲಿ ಈ ಜಗಳ ಹಳೆಯದು. ಇಲಿನಾಯ್ ರಾಜ್ಯ ಊರಿನ ಗಡಿಯಿಲ್ಲದೆ ಮಕ್ಕಳನ್ನು ಸೇರಿಸಿಕೊಳ್ಳುವ ಶಾಲೆಗಳ ವಿದ್ಯಾರ್ಥಿ ಸಂಖ್ಯೆಯನ್ನು 1.65ರಿಂದ ಗುಣಿಸಿ ದೊಡ್ಡ ಶಾಲೆಗಳ ವಿಭಾಗಕ್ಕೆ ಏರಿಸುವ ನಿಯಮ ತಂದಿತು. ಇಂಡಿಯಾನಾ 2012ರಲ್ಲಿ ಬೇರೆ ದಾರಿ ಹಿಡಿಯಿತು: ಮೇಲಿಂದ ಮೇಲೆ ಗೆಲ್ಲುವ ತಂಡ, ಯಾರದೇ ಆಗಿರಲಿ, ಮೇಲಿನ ವಿಭಾಗಕ್ಕೆ ಹೋಗಬೇಕು. ಎರಡನೆಯದರಲ್ಲಿ ಒಂದು ಕೊರತೆ ನನಗೆ ಕಾಣುತ್ತದೆ. ಇದ್ದ ಮಕ್ಕಳನ್ನೇ ಕಷ್ಟಪಟ್ಟು ತಯಾರು ಮಾಡಿದ ಮೇಷ್ಟ್ರ ಶಾಲೆಯೂ ಅದರಲ್ಲಿ ಸಿಕ್ಕಿಬೀಳುತ್ತದೆ. ಮೊದಲನೆಯದು ಪ್ರವೇಶದ ರೀತಿಯನ್ನು ನೋಡುವುದರಿಂದ ಸತ್ಯಕ್ಕೆ ಹೆಚ್ಚು ಹತ್ತಿರ.

ತಂಡ ಕೂಡಿಬಂದ ಬಗೆ ನೋಡಿ ವಿಭಾಗ ಮಾಡುವುದು ಬೇಡ, ಬಲಶಾಲಿಗಳ ಜೊತೆ ಆಡಿದರೇ ಬಲ ಬರುತ್ತದೆ ಎನ್ನುವವರಿದ್ದಾರೆ. ಪೈಪೋಟಿಯಿದ್ದರೆ ಆ ಮಾತು ನಿಜ. ಮೊದಲ ಸುತ್ತಿನಲ್ಲೇ ಇನಿಂಗ್ಸ್ ಅಂತರದಲ್ಲಿ ಸೋತು ಮನೆಗೆ ಹೋಗುವ ಖೊಖೊ ತಂಡ ವರ್ಷಕ್ಕೆ ಆಡುವುದು ಒಂದೇ ಪಂದ್ಯ. ಒಂದು ಪಂದ್ಯದಿಂದ ಕಲಿಯುವುದು ಎಷ್ಟು? ತನ್ನ ಸರೀಕರ ಜೊತೆ ಐದು ಪಂದ್ಯ ಆಡಿದ ತಂಡವೇ ಹೆಚ್ಚು ಕಲಿಯುತ್ತದೆ. ಶಾಲೆಗಳು ಸುಳ್ಳು ಲೆಕ್ಕ ಕೊಡುತ್ತವೆ ಎಂಬ ಆಕ್ಷೇಪವೂ ಇದೆ. ತಂಡದ ಮಕ್ಕಳು ಯಾವ ತರಗತಿಗೆ, ಎಲ್ಲಿಂದ ಬಂದು ಸೇರಿದರು ಎಂಬುದು ದಾಖಲಾತಿ ಪುಸ್ತಕದಲ್ಲೂ ವರ್ಗಾವಣೆ ಪತ್ರದಲ್ಲೂ ಇರುತ್ತದೆ. ವಯಸ್ಸು ಪರಿಶೀಲಿಸುವವರೇ ಅದನ್ನೂ ನೋಡಬಹುದು.

ಇವೆಲ್ಲಕ್ಕಿಂತ ಗಂಭೀರವಾದ ಆಕ್ಷೇಪ ಇನ್ನೊಂದು. ಆರಿಸಿಕೊಳ್ಳುವ ಶಾಲೆಯ ಮಗುವೂ ಬಹಳ ಸಲ ಬಡ ಮನೆಯದೇ. ಓಡುವ ಕಾಲೊಂದನ್ನೇ ನಂಬಿ ಬಂದದ್ದು. ವಿಭಾಗಗಳ ಹೆಸರಿನಲ್ಲಿ ಆ ಮಗುವಿನ ದಾರಿಗೆ ಅಡ್ಡ ಬರಬಾರದು. ಆದ್ದರಿಂದ 100 ಮೀಟರ್ ಓಟ, ಉದ್ದಜಿಗಿತದಂಥ ವೈಯಕ್ತಿಕ ಸ್ಪರ್ಧೆಗಳು ಎಲ್ಲರಿಗೂ ಒಂದೇ ಇರಲಿ. ಅಲ್ಲಿ ಆಯ್ಕೆದಾರರಿಗೆ ಬೇಕಾದದ್ದು ಅತ್ಯುತ್ತಮ ಸಮಯ, ಅತ್ಯುತ್ತಮ ಅಳತೆ. ತಂಡದ ಆಟಗಳಿಗೂ ಸಮಗ್ರ ಚಾಂಪಿಯನ್ ಪಟ್ಟಕ್ಕೂ ಮಾತ್ರ ಆರಿಸಿ ಕಟ್ಟಿದ ತಂಡಗಳಿಗೆ ಮೇಲಿನದು, ಇದ್ದವರ ತಂಡಗಳಿಗೆ ಕೆಳಗಿನದು ಎಂದು ಎರಡು ವಿಭಾಗ ಮಾಡಿ, ಕೆಳಗಿನ ವಿಭಾಗದಲ್ಲಿ ಗೆದ್ದ ತಂಡ ಬಯಸಿದರೆ ಮರುವರ್ಷ ಮೇಲಿನದಕ್ಕೆ ಹೋಗಲು ಬಿಡಬೇಕು. ಯಾವ ವಿಭಾಗಕ್ಕೆ ಯಾರು ಎಂಬುದನ್ನು ಕೂಟಕ್ಕೆ ಆರು ತಿಂಗಳ ಮುಂಚೆಯೇ ಪ್ರಕಟಿಸಿದರೆ, ದೋಹಾದ ಮಧ್ಯಾಹ್ನ ಪಾಳಿಯ ಶಾಲೆಗೂ ಯಾದಗಿರಿಯ ಶಾಲೆಗೂ ಯಾರೆದುರು ಆಡಲು ತಯಾರಾಗಬೇಕೆಂಬುದು ಮೊದಲೇ ತಿಳಿದಿರುತ್ತದೆ.